ಸಾಕ್ಷಿ ಕಾಳು

ಸೋಯಾಬೀನ್ ಕಾಳು ಅರೆದಾಗ ಒಂದು ಒಗರು ಹಸಿ ವಾಸನೆ ಬರುತ್ತದೆ. ಸೊಲ್ಲಾಪುರದ ನಮ್ಮ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಅದು ನಿತ್ಯದ್ದು, ಮೂಗಿಗೆ ತಿಳಿಯುವುದೂ ಇಲ್ಲ. ಆದರೆ ಮೊನ್ನೆ ಮಿಕ್ಸರಿನ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನನ್ನನ್ನು ಸೀದಾ ನಮ್ಮೂರು ನಾಗಣಸೂರಿಗೆ, ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಕಾಕುವಿನ ಜಗಲಿಗೆ ಎಳೆದೊಯ್ದಿತು...

ಕಾಕು ತಮ್ಮ ಹೊಲದ ಸೋಯಾಬೀನನ್ನೇ ಆರಿಸಿ ಬಿತ್ತನೆಗೆ ಇಡುತ್ತಿದ್ದರು. ಸುತ್ತಲಿನವರೆಲ್ಲ ಅವರಲ್ಲೇ ಬೀಜ ಒಯ್ಯುತ್ತಿದ್ದರು. ಕೊಡುವ ಮೊದಲು ಒದ್ದೆ ಗೋಣಿಚೀಲದಲ್ಲಿ ಕಾಳು ಸುತ್ತಿಟ್ಟು ಮೊಳಕೆ ನೋಡುವುದು ಅವರ ನೇಮ. ಜೊತೆಗೆ, ಮೊಳೆಯುತ್ತದೆಂದು ಆಗಲೇ ಖಾತ್ರಿಯಾದ ಇನ್ನೊಂದು ಚೀಲದ ಹತ್ತು ಕಾಳನ್ನೂ ಇಡುವರು. ಅವಕ್ಕೆ ‘ಸಾಕ್ಷಿ ಕಾಳು’ ಎನ್ನುತ್ತಿದ್ದರು. ಅವೂ ಏಳದಿದ್ದರೆ ತಪ್ಪು ಬೀಜದ್ದಲ್ಲ, ನೀರು ಹೆಚ್ಚುಕಡಿಮೆಯಾಗಿದೆ ಎಂದರ್ಥ. ಹೊಲಕ್ಕೆ ಹೋದರೆ ಗಿಡ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನನಗೆ ತೋರಿಸುವರು. ಒಳಗೆ ಕೆಂಪಗಿದ್ದರೆ ಗಿಡ ಗಾಳಿಯಿಂದಲೇ ಗೊಬ್ಬರ ಮಾಡಿಕೊಳ್ಳುತ್ತಿದೆ ಎಂದು. ಕಾಲೇಜಿನಲ್ಲಿ ಓದುವ ಎಷ್ಟೋ ಮೊದಲೇ ಅದನ್ನು ನಾನು ಕಣ್ಣಾರೆ ಕಂಡಿದ್ದೆ.

ನಾನು ಕೆಲಸಕ್ಕೆ ಸೇರಿದ ವರ್ಷ ಊರಲ್ಲಿ ಸುದ್ದಿ ಹಬ್ಬಿತು. ಪಕ್ಕದ ಹೊಲಕ್ಕೆ ಹೊಡೆದ ಕಳೆನಾಶಕ ಗಾಳಿಗೆ ತೂರಿ ಬಂದು ಬಿದ್ದರೂ ಕಾಕುವಿನ ಸೋಯಾ ಸಾಯಲಿಲ್ಲವಂತೆ, ಅದು ಕಳೆನಾಶಕ ತಾಳಿಕೊಳ್ಳುವ, ಪರವಾನಗಿ ಇಲ್ಲದ ಕುಲಾಂತರಿ ಬೀಜವಂತೆ! ಬೀಜ ಕೇಳಿದ್ದವರು ಒಬ್ಬೊಬ್ಬರೇ ಹಿಂದೆ ಸರಿದರು. ನನಗೆ ಎಲ್ಲಿಲ್ಲದ ಸಿಟ್ಟು. ಲ್ಯಾಬಿನವರನ್ನು ಕೇಳಿ, ಕುಲಾಂತರಿ ಪತ್ತೆಹಚ್ಚುವ ಕಾಗದದ ಪಟ್ಟಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಎಸ್.ಟಿ. ಬಸ್ಸು ಹತ್ತಿದೆ.

ಜಗಲಿಯ ಮೇಲೆ ನಾಲ್ಕು ಜನ ಕೂಡಿದ್ದರು. ಪಟ್ಟಿ ಸರಿಯಿದ್ದರೆ ಮೇಲಿನ ಗೆರೆ ಯಾವಾಗಲೂ ಬರಲೇಬೇಕು, ಕೆಳಗಿನದೂ ಬಂದರೆ ಕುಲಾಂತರಿ ಎಂದು ಪಂಡಿತಳ ಹಾಗೆ ವಿವರಿಸಿದೆ. ಕಾಳು ಅರೆದು, ನೀರಲ್ಲಿ ಕದಡಿ, ಪಟ್ಟಿ ಅದ್ದಿದೆ. ಹತ್ತು ನಿಮಿಷವಾದರೂ ಪಟ್ಟಿ ಬೆಳ್ಳಗೇ ಇತ್ತು.

“ಏನೂ ಇಲ್ರಿ ಕಾಕು! ನಿಮ್ಮ ಬೀಜ ಚೊಕ್ಕ ಐತಿ!” ಎಂದು ಕೂಗಿದೆ. ಕೂತವರು ತಲೆಯಾಡಿಸಿದರು.

ಕಾಕು ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದರು. “ಮ್ಯಾಲಿನ ಗೆರಿನೂ ಬಂದಿಲ್ಲಲ್ಲ ಮಗಳ. ಸಾಕ್ಷಿನ ಎದ್ದಿಲ್ಲ, ನೀ ನ್ಯಾಯ ಹ್ಯಾಂಗ ಹೇಳಾಕತ್ತಿ?”

ನನ್ನ ಮುಖ ಸಣ್ಣದಾಯಿತು. ದಾರಿಯ ಬಿಸಿಲಿಗೆ ಬೆಂದು ಪಟ್ಟಿಯೇ ಕೆಟ್ಟಿತ್ತು. ಕಾಕು ಸುಮ್ಮನಿದ್ದಿದ್ದರೆ ಅವರ ಹೆಸರು ಅಲ್ಲೇ ಉಳಿಯುತ್ತಿತ್ತು. ಅವರು ಮಾತ್ರ ಬಂದವರಿಗೆ, “ನಾಳಿಗಿ ಬರ್ರಿ, ಇನ್ನೂ ಖಾತ್ರಿ ಆಗಿಲ್ಲ,” ಎಂದು ಹೇಳಿ ಕಳಿಸಿಬಿಟ್ಟರು.

ಮರುದಿನ ಹೊಸ ಪಟ್ಟಿ ತಂದೆ. ಮೇಲಿನ ಗೆರೆ ಕೆಂಪಗೆ ಮೂಡಿತು, ಕೆಳಗೆ ಏನೂ ಇಲ್ಲ. ಕಾಕು ನನ್ನ ಬೆನ್ನು ತಟ್ಟಿ, ಒಂದು ಡಬ್ಬಿ ತುಂಬ ಕಾಳು ಕೊಟ್ಟರು. “ನಿಮ್ಮ ಲ್ಯಾಬಿನ್ಯಾಗ ಸಾಕ್ಷಿಗೆ ಇಟ್ಕೋ.”

ಇಟ್ಟುಕೊಂಡೆ. ಕುಲಾಂತರಿಯಲ್ಲದ ಬೀಜದೊಂದಿಗೆ ಹೋಲಿಸಿ ನೋಡಬೇಕಾದಾಗ ಇಂದಿಗೂ ಅದರಿಂದಲೇ ನಾಲ್ಕು ಕಾಳು ಅರೆಯುತ್ತೇನೆ. ಮೊನ್ನೆ ಅರೆದದ್ದೂ ಅದನ್ನೇ. ಕಾಕು ತೀರಿಹೋಗಿ ಮೂರು ಮಳೆಗಾಲ ಕಳೆದವು. ನನ್ನ ಕೆಲಸದಲ್ಲಿರುವ ಒಂದಿಷ್ಟು ಪ್ರಾಮಾಣಿಕತೆ ಅವರು ಕೊಟ್ಟದ್ದು. ಅದನ್ನು ಅವರೆದುರು ಹೇಳಲೇ ಇಲ್ಲ ಎಂಬ ಕೊರಗು ಉಳಿದಿದೆ...

ಈ ಸಲ ಆ ಡಬ್ಬಿಯ ಹತ್ತು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ, ಪಕ್ಕದಲ್ಲಿ ಸಾಕ್ಷಿಗೆ ಹೊಸ ಬೀಜ ಹತ್ತು. ಹೊಸವು ಹತ್ತೂ ಎದ್ದವು. ಕಾಕುವಿನವು ಒಂದೂ ಏಳಲಿಲ್ಲ. ಸಾಕ್ಷಿ ಇದ್ದದ್ದರಿಂದ ನಂಬಲೇಬೇಕಾಯಿತು.