ನಾನು ಎತ್ತದೇ ಹೋದ ಕೈ

ಹೋದ ತಿಂಗಳು ಆಫೀಸಿನಲ್ಲಿ, ಇಲ್ಲಿನವರು ಫೀಕಾ ಎನ್ನುವ ಕಾಫಿ ವಿರಾಮದಲ್ಲಿ, ಯಾರೋ ತಂದಿದ್ದ ಕೇಕಿನಿಂದ ಜಾಯಿಕಾಯಿಯ ವಾಸನೆ ಬಂತು. ಎಲ್ಲರೂ ಕಾಫಿ ಹೀರುತ್ತ ಹವೆಯ ಬಗ್ಗೆ ಮಾತಾಡುತ್ತಿದ್ದರೆ, ನನಗೆ ಮೂರನೇ ಮಹಡಿಯ ಆಂಟಿ ನೆನಪಾದರು. ಉತ್ತರ ಯುರೋಪಿನ ಎಸ್ಕಿಲ್‌ಸ್ಟುನಾ ಊರಿನ ನಮ್ಮ ಕಟ್ಟಡದಲ್ಲಿ ಶನಿವಾರ ಮೆಟ್ಟಿಲು ಹತ್ತಿದರೆ ಇದೇ ವಾಸನೆ... ಪ್ರೀತಿಯಿಂದ ನೆನಪಾದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅವರು ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪವೊಂದರವರು. ಯುರೋಪಿನ ಒಂದು ದೇಶಕ್ಕೆ ಸೇರಿದ ದ್ವೀಪ. ಅಲ್ಲಿನ ದ್ವೀಪಸಭೆಗೆ ಎರಡು ಸಲ ಆರಿಸಿ ಬಂದಿದ್ದರಂತೆ. ಮಗಳ ಜೊತೆ ಇರಲು ಇಲ್ಲಿಗೆ ಬಂದವರು, ಮಗಳು ಕೆಲಸಕ್ಕೆಂದು ಉಪ್ಸಾಲಾಕ್ಕೆ ಹೋದ ಮೇಲೆ ಒಬ್ಬರೇ ಉಳಿದರು. ನಾನಾದರೋ ಅದೇ ಕಟ್ಟಡದಲ್ಲಿ ಹತ್ತು ವರ್ಷದಿಂದ ಇದ್ದವಳು, ನಿವಾಸಿಗಳ ಸಂಘದ ಕಾರ್ಯದರ್ಶಿ ಬೇರೆ. ಆದರೂ ನನ್ನ ಹೆಸರನ್ನು ನೆಟ್ಟಗೆ ಹೇಳಲು ಯಾರಿಗೂ ಬರುತ್ತಿರಲಿಲ್ಲ. ಇವರು ಬಂದು ಒಂದು ಚಳಿಗಾಲ ಕಳೆಯುವುದರೊಳಗೆ, ಲಿಫ್ಟಿನಲ್ಲಿ ತಲೆಯೆತ್ತದ ಮುದುಕರೂ ಇವರ ಮುಂದೆ ನಿಂತು ಮೊಮ್ಮಕ್ಕಳ ಕಥೆ ಹೇಳುತ್ತಿದ್ದರು. ಅದೇನು ಮೋಡಿ ಮಾರಾಯ್ರೇ!

"ಪಾಪ, ಅವ್ರೇನ್ ಮಾಡಿದ್ರು ನಿಂಗೆ? ಯಾಕೆ ಇಷ್ಟು ಉರ್ಕೊಳ್ತೀಯಾ?" ಎಂದು ನನ್ನ ಗಂಡ ಕೇಳುತ್ತಿದ್ದರು.

"ಏನೂ ಮಾಡಿಲ್ಲ ರೀ. ಅದೇ ಪ್ರಾಬ್ಲಮ್ಮು!"

ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ ಮುಗಿದರೆ ಅವರದು. ಮೆಷಿನ್ ತಿರುಗುವಷ್ಟು ಹೊತ್ತು ತಮ್ಮ ಸಭೆಯ ಬಗ್ಗೆ ಹೇಳುತ್ತಿದ್ದರು. ಐದೇ ಕುರ್ಚಿ. ಅಧ್ಯಕ್ಷತೆ ಗವರ್ನರರದು, ಆದರೆ ಅವರಿಗೆ ಮತವಿಲ್ಲ. ದಿನನಿತ್ಯದ ಆಡಳಿತ ನಡೆಸುವವರನ್ನು ಸಭೆಯೇ ನೇಮಿಸಬೇಕು. ಎಲ್ಲವೂ ರೇಡಿಯೋದಲ್ಲಿ ನೇರಪ್ರಸಾರ. ಊರಿಗೆ ಊರೇ ಅಡುಗೆ ಮಾಡುತ್ತ ಕೇಳಿಸಿಕೊಂಡು, ಮರುದಿನ ಮೀನಿನಂಗಡಿಯಲ್ಲಿ ಸದಸ್ಯರನ್ನು ತಡೆದು ದಬಾಯಿಸುತ್ತದಂತೆ. ಒಬ್ಬರು ಸೂಚನೆ ಮಂಡಿಸಿದರೆ ಇನ್ನೊಬ್ಬರು ಕೈಯೆತ್ತಿ ಅನುಮೋದಿಸಬೇಕು. ಎತ್ತದಿದ್ದರೆ ಅದು ಚರ್ಚೆಗೂ ಬಾರದೆ ಅಲ್ಲೇ ಬಿದ್ದುಹೋಗುತ್ತದೆ. ಆ ಎರಡನೇ ಕೈಗಾಗಿ ಕಾಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು ಎಂದು ನಕ್ಕಿದ್ದರು.

ಆ ವರ್ಷ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಅವರು ಎದ್ದು ನಿಂತರು. ಹಳೆಯ ಕುರ್ಚಿ ತುಂಬಿ ಬೀಗ ಜಡಿದಿದ್ದ ನೆಲಮಾಳಿಗೆಯ ಕೋಣೆಯನ್ನು ಶನಿವಾರ ಶನಿವಾರ ತೆರೆಯೋಣ, ಒಂಟಿಯಾಗಿರುವವರು ಬಂದು ಕೂರಲಿ, ಕೇಕ್ ನಾನು ತರುತ್ತೇನೆ ಎಂದರು. ಹತ್ತು ವರ್ಷದಿಂದ ಆ ಬೀಗದ ಕೈ ಇದ್ದದ್ದು ನನ್ನ ಬಳಿ! ನನಗೇಕೆ ಇದು ಹೊಳೆಯಲಿಲ್ಲ ಎಂದು ಮೈಯೆಲ್ಲ ಉರಿಯಿತು.

ಹೇಳಿ ಮುಗಿಸಿದರೂ ಅವರು ಕೂರಲಿಲ್ಲ. ಸುತ್ತ ನೋಡಿದರು. ಇಲ್ಲಿಯ ಜನ ಕೇಳದೆ ಬಾಯಿ ಬಿಡುವವರಲ್ಲ. ಅಧ್ಯಕ್ಷರು ಮತಕ್ಕೆ ಹಾಕಲಿ ಎಂದು ಎಲ್ಲರೂ ಕಾಯುತ್ತಿದ್ದರು, ಅಧ್ಯಕ್ಷರೋ ಆಂಟಿ ಮಾತು ಮುಗಿಸಿ ಕೂರಲಿ ಎಂದು ಕಾಯುತ್ತಿದ್ದರು. ನಮ್ಮ ಸಂಘದಲ್ಲಿ ಅನುಮೋದಿಸುವ ಪದ್ಧತಿಯೇ ಇಲ್ಲ. ಅದು ಆಂಟಿಗೆ ಗೊತ್ತಿರಲಿಲ್ಲ. ಅವರು ಯಾತಕ್ಕೆ ಕಾಯುತ್ತಿದ್ದಾರೆಂದು ಉಳಿದವರಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳೇ. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು... ನಾನು ತಲೆ ತಗ್ಗಿಸಿ ನಡಾವಳಿ ಬರೆಯುತ್ತ ಕೂತೆ.

"ಸರಿ, ಹಿಂದಕ್ಕೆ ತಗೊಳ್ತೀನಿ" ಎಂದು ಅವರು ಕೂತುಬಿಟ್ಟರು. ಅದನ್ನೂ ನಾನೇ ಬರೆದುಕೊಂಡೆ.

ಮರುವರ್ಷ ಅವರು ತಮ್ಮ ದ್ವೀಪಕ್ಕೆ ಮರಳಿದರು. ಹೊರಡುವ ಮುನ್ನ ನಮ್ಮ ಮನೆ ಬಾಗಿಲಿಗೆ ಬಂದು ಒಂದು ಕೇಕ್ ಕೊಟ್ಟರು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆನೇನೋ... ಈ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಮಗಳಿಂದ ಸುದ್ದಿ ಬಂತು.

ಫೀಕಾ ಆದ ದಿನ ಸಂಜೆಯೇ ಆ ಸೂಚನೆಯನ್ನು ಮತ್ತೆ ಬರೆದು ಕೊಟ್ಟೆ. ಮೊನ್ನೆ ವಾರ್ಷಿಕ ಸಭೆಯಲ್ಲಿ ಅವರ ಹೆಸರಿನಲ್ಲೇ ಓದಿದೆ. ಹೆಸರು ಕೇಳಿದ್ದೇ ತಡ, ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಹತ್ತಾರು ವರ್ಷ ನಡಾವಳಿ ಬರೆದವಳಿಗೆ ಒಂದು ದಿನ ಇಲ್ಲ, ಸತ್ತ ಮೇಲೂ ಚಪ್ಪಾಳೆ ಅವರಿಗೇ! ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಎದ್ದಿತು. ಆದರೂ ಕೈ ಮೇಲೆತ್ತಿದೆ.

"ನಾನು ಅನುಮೋದಿಸ್ತೀನಿ" ಎಂದೆ.

ಅಧ್ಯಕ್ಷರು ನಕ್ಕರು. "ನಮ್ಮಲ್ಲಿ ಅದು ಬೇಕಾಗಿಲ್ಲ, ಕೂತ್ಕೊಳ್ಳಿ."

"ಗೊತ್ತು" ಎಂದೆ. "ಆವತ್ತೂ ಗೊತ್ತಿತ್ತು."

ಕೈ ಇಳಿಸಲಿಲ್ಲ.