ಹೆಸರಿಲ್ಲದ ಕಾಲುಗಳಿಗೆ ಗೆರೆ ಎಳೆಯುವ ಪುಷ್ಪಲತಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಣಕಟ್ಟೆಯಿಂದ ಮೊದಲ ಬಸ್ಸಿಗೆ ಬಂದ ಪುಷ್ಪಲತಾ, ಅರಸೀಕೆರೆಯ ಕೊಬ್ಬರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗಿದೆ. ಪರದೆಯ ಮೇಲೆ ಯಾರದೋ ಎರಡೂ ಕಾಲುಗಳ ಸ್ಕ್ಯಾನ್. ಮೌಸ್ ಹಿಡಿದು ರಕ್ತನಾಳದ ಸುತ್ತ ಕೆಂಪು ಗೆರೆ ಎಳೆಯುತ್ತಾಳೆ. ಇಂಥ ಸಾವಿರಾರು ಚಿತ್ರ ನೋಡಿ ಯಂತ್ರ ಕಲಿಯುತ್ತದೆ. ನಾಳೆ ಆಪರೇಷನ್ ಮಾಡುವ ವೈದ್ಯರಿಗೆ ರಕ್ತ ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ. ಹೊಗಳಿಕೆಯೆಲ್ಲ ಯಂತ್ರಕ್ಕೆ. ಈಕೆಯ ಹೆಸರು ಆ ವೈದ್ಯರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಸುಳ್ಳೇಕೆ?

“ನಾಳದಲ್ಲಿ ಸುಣ್ಣ ಕಟ್ಟಿದ್ರೂ ಬೆಳ್ಳಗೇ ಕಾಣುತ್ತೆ, ಸ್ಕ್ಯಾನಿಗೆ ಅಂತ ಚುಚ್ಚೋ ಔಷ್ಧಿ ಬೆರೆತ ರಕ್ತಾನೂ ಬೆಳ್ಳಗೇ. ಮುಚ್ಚೋಗಿರೋದನ್ನ ತೆರೆದೈತೆ ಅಂದ್ಬಿಡುತ್ತೆ ಮೆಷಿನ್ನು. ಬಿಡಿಸಿ ತೋರಿಸ್ಬೇಕು ಸಾರ್,” ಎನ್ನುತ್ತಾಳೆ ಸುದ್ದಿಗೆಂದು ಬಂದ ನಮಗೆ.

ಆಕೆಯ ತಂದೆ ಜಯದೇವಪ್ಪ ತೆಂಗಿನ ತೋಟದವರು. ಬೀಡಿ ಬಿಟ್ಟವರಲ್ಲ, ಜೊತೆಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಪಾದ ತಣ್ಣಗಾಗತೊಡಗಿತು. ಚಳಿ ಹಿಡಿದಿದೆ ಎಂದುಕೊಂಡ ಪುಷ್ಪಲತಾಳ ತಾಯಿ ಮಹದೇವಮ್ಮ, ಬಾಣಂತಿಗೆ ಇಡುವಂತೆ ತೆಂಗಿನ ಚಿಪ್ಪಿನ ಕೆಂಡ ತಂದು ಮಂಚದ ಬಳಿ ಇಟ್ಟರು. ಮರಗಟ್ಟಿದ ಪಾದಕ್ಕೆ ಉರಿ ತಿಳಿಯಲಿಲ್ಲ, ಸುಟ್ಟಿತು. ರಕ್ತವೇ ಬಾರದ ಕಡೆ ಗಾಯ ಮಾಯುವುದೆಲ್ಲಿಂದ? ಕಪ್ಪಾಗಿ ಕೊಳೆಯಿತು. ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಈಗ ಬಲಪಾದವೂ ತಣ್ಣಗಾಗುತ್ತಿದೆ. ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ ವೈದ್ಯರು. ಜಯದೇವಪ್ಪ ಜಗ್ಗುತ್ತಿಲ್ಲ.

“ಹೋದ್ಸಲ ಎರಡು ಕಾಲಲ್ಲಿ ಹೋದೆ, ಒಂದ್ರಲ್ಲಿ ಬಂದೆ. ಈಗ ಹೋದ್ರೆ ಮೂಟೆ ಹೊತ್ತಂಗೆ ಹೊತ್ಕೊಂಡ್ ಬತ್ತೀಯೇನೇ? ಊರೋರ ಕಾಲೆಲ್ಲಾ ನೋಡ್ತೀಯಲ್ಲ, ನಿನ್ ಮೆಷಿನ್ನು ಒಂದು ಕಾಲು ಚಿಗುರಿಸುತ್ತಾ ಕೇಳು.”

“ಚಿಗುರಿಸಲ್ಲ ಅಪ್ಪಾಜಿ. ಇರೋದನ್ನ ಉಳಿಸ್ಕೊಳ್ಳೋಣ ಬನ್ನಿ.”

ಇವತ್ತು ಬೆಳಿಗ್ಗೆ ಮನೆ ಬಿಡುವಾಗ ತಾಯಿ ಮತ್ತೆ ಕೆಂಡ ತಂದಿದ್ದರಂತೆ. ಮಗಳು ಕಿತ್ತುಕೊಂಡು ನೀರು ಸುರಿದಳು. “ತಣ್ಣಗಿರೋ ಕಾಲು ನೋಡ್ಕೊಂಡು ಸುಮ್ನೆ ಕೂತ್ಕೊಳ್ಲೇನೇ ನಾನು?” ಎಂದು ಮಹದೇವಮ್ಮ ಅತ್ತರು.

ಬಸ್ಸಿಗೆ ಹೊರಡುವ ಮುನ್ನ ಪುಷ್ಪಲತಾ ದಿನವೂ ಅಪ್ಪನ ಪಾದದ ಮೇಲೆ ಬೆರಳಿಟ್ಟು ಮಿಡಿತ ಹುಡುಕುತ್ತಾಳೆ.

“ನಿನ್ನೆ ಸಣ್ಣಗೆ ಸಿಕ್ತಿತ್ತು. ಇವತ್ತು ಸಿಗ್ಲಿಲ್ಲ ಸಾರ್.”

ಮೌಸ್ ನಿಲ್ಲುವುದಿಲ್ಲ. ನಿಮ್ಮ ಆಸೆ ಏನು ಎಂದು ಕೇಳಿದರೆ, ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾಳೆ: “ಅಪ್ಪಾಜಿ ಸ್ಕ್ಯಾನಿಗೆ ಒಪ್ಲಿ. ಆ ಚಿತ್ರ ಇಲ್ಲಿಗೇ ಬಂದ್ರೆ ನಾನೇ ಗೆರೆ ಎಳೀತೀನಿ.”

“ಚಿತ್ರದ ಮೇಲೆ ಹೆಸರೇ ಇರಲ್ವಲ್ಲಮ್ಮ, ಅವರದೇ ಅಂತ ಹೇಗೆ ಗೊತ್ತಾಗುತ್ತೆ?”

“ಒಂದೇ ಕಾಲಿರುತ್ತಲ್ಲ ಸಾರ್.”