ಹಿತ್ತಲ ನಲ್ಲಿಯ ಜುಮ್ಮು

ಬಾಬುರಾಯನಕೊಪ್ಪಲಿನ ನಮ್ಮ ಮನೆಯ ನಡುಮನೆಯಲ್ಲಿ, ಬಾಗಿಲ ಮೇಲುಗಡೆ, ಕರೆಂಟಿನ ಬಿಳಿ ಡಬ್ಬಿ ಇದೆ. ಒಳಗೆ ಸಾಲಾಗಿ ಎಂಸಿಬಿಗಳು, ತುದಿಯಲ್ಲಿ ಕೊಂಚ ಅಗಲವಾದ ಇನ್ನೊಂದು ಸ್ವಿಚ್ಚು, ಅದರ ಮೇಲೊಂದು ಪುಟ್ಟ ಗುಂಡಿ. ತಿಂಗಳಿಗೊಮ್ಮೆ ನಾನು ಸ್ಟೂಲು ಹತ್ತಿ ಆ ಗುಂಡಿ ಒತ್ತುತ್ತೇನೆ. ಟಕ್ಕೆಂದು ಇಡೀ ಮನೆ ಸುಮ್ಮನಾಗುತ್ತದೆ. ಟಿವಿ ಮುಂದೆ ಕೂತ ಯಜಮಾನರು, "ಸುರುವಾಯ್ತು ಇವಳ ಪೂಜೆ" ಅನ್ನುತ್ತಾರೆ. ಅನ್ನಲಿ. ಅವರ ಸೀರಿಯಲ್ಲು ಎರಡು ನಿಮಿಷ ನಿಂತರೆ ಲೋಕವೇನೂ ಮುಳುಗುವುದಿಲ್ಲ.

ಎಂಸಿಬಿ ಕಾಯುವುದು ವೈರುಗಳನ್ನು. ಹೊರೆ ಹೆಚ್ಚಾದರೆ, ವೈರು ಸುಡುವ ಹಾಗಾದರೆ ಮಾತ್ರ ಅದು ಬೀಳುತ್ತದೆ. ಮನುಷ್ಯರ ಜೀವ ಹೋಗಲು ಅಷ್ಟು ಕರೆಂಟು ಬೇಕಿಲ್ಲ. ನಮ್ಮನ್ನು ಕಾಯುವುದು ಆ ಅಗಲದ ಸ್ವಿಚ್ಚು, ಇಎಲ್‌ಸಿಬಿ. ಹೋದ ಕರೆಂಟು ಅಷ್ಟೂ ವಾಪಸು ಬಂತೇ ಎಂದು ಅದು ನೋಡುತ್ತಲೇ ಇರುತ್ತದೆ. ಒಂದು ಚೂರು ಯಾರದೋ ಮೈಯಿಂದ ನೆಲಕ್ಕೆ ಇಳಿದರೂ ಆ ಕ್ಷಣಕ್ಕೇ ಕಡಿದುಹಾಕುತ್ತದೆ. ಅದು ಸರಿಯಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸಲೆಂದೇ ಆ ಗುಂಡಿ. ಕ್ಯಾತನಹಳ್ಳಿಯ ನನ್ನ ತವರಿನಲ್ಲೂ ಇಂಥದೇ ಡಬ್ಬಿ ಇತ್ತು.

ನನ್ನ ತಮ್ಮ ಆ ಮನೆ ರಿಪೇರಿ ಮಾಡಿಸಿದಾಗ ಹಾಕಿಸಿದ್ದು ಅದು. ಹಿತ್ತಲಲ್ಲಿ ನೀರಿನ ತೊಟ್ಟಿ, ಪಕ್ಕದಲ್ಲಿ ಸಣ್ಣ ಮೋಟರು, ಅದಕ್ಕೆ ಕಬ್ಬಿಣದ ಪೈಪು, ಪೈಪಿಗೊಂದು ನಲ್ಲಿ. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಒಂದು ಮಳೆಗಾಲ ಕಳೆದ ಮೇಲೆ ಮೋಟರು ಹಾಕಿದೊಡನೆ ಆ ಅಗಲದ ಸ್ವಿಚ್ಚು ಬೀಳತೊಡಗಿತು. ಎತ್ತಿದರೆ ಮತ್ತೆ ಬೀಳುವುದು. ಕರೆಂಟಿನ ಕೆಲಸದವನು ಬಂದು ನೋಡಿ, "ಎಲ್ಲೋ ಲೀಕೇಜ್ ಅದೆ ಕಣಣ್ಣ, ಕುಂತು ಉಡುಕ್ಬೇಕು" ಎಂದ. ಅವತ್ತೇ ಗದ್ದೆಗೆ ಕಬ್ಬು ಕಡಿಯುವವರು ಬಂದಿದ್ದರು. ತಮ್ಮನಿಗೆ ನಿಲ್ಲಲು ಪುರುಸೊತ್ತಿಲ್ಲ. "ಸದ್ಯಕ್ಕೆ ಅದ ತಗ್ದು ಡೈರೆಕ್ಟ್ ಕೊಟ್ಬುಡ್ಲಾ, ಆಮೇಕೆ ನೋಡುವ" ಅಂದ. ಕೆಲಸದವನು ಆ ಸ್ವಿಚ್ಚು ತೆಗೆದು ವೈರು ನೇರ ಕೊಟ್ಟ, ಮೋಟರು ಓಡಿತು. ಆಮೇಲೆ ಯಾರೂ ನೋಡಲಿಲ್ಲ. ನಮ್ಮಲ್ಲಿ ಸದ್ಯಕ್ಕೆ ಅಂದದ್ದು ಶಾಶ್ವತವಾಗಿ ಉಳಿದುಬಿಡುತ್ತದೆ.

ಅವ್ವ ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಮೋಟರು ಹಾಕಿ, ಹಿತ್ತಲಿಗೆ ಹೋಗಿ, ದೇವರಿಗೆ ಒಂದು ತಂಬಿಗೆ ಹೊಸ ನೀರು ಹಿಡಿಯುತ್ತಿದ್ದಳು. ದೇವರ ನೀರು ಹಿಡಿಯುವಾಗ ಚಪ್ಪಲಿ ಮೆಟ್ಟುವುದುಂಟೆ? ಮನೆಯ ಉಳಿದವರೆಲ್ಲ ಹಿತ್ತಲಿಗೆ ಕಾಲಿಟ್ಟರೆ ಹವಾಯಿ ಚಪ್ಪಲಿ ಹಾಕಿಯೇ ಇಡುತ್ತಿದ್ದರು. ಹಬ್ಬಕ್ಕೆಂದು ಹೋದ ನಾನೂ ಅಷ್ಟೆ.

"ನಲ್ಲಿ ಮುಟ್ಟುದ್ರೆ ಕೈ ಜುಮ್ ಅಂತದೆ ಕಣ್ಲಾ" ಎಂದು ಅವ್ವ ತಮ್ಮನಿಗೆ ಹೇಳಿದಾಗ ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅವನು ಎದ್ದುಹೋಗಿ ಮೋಟರು ಹಾಕಿ ನಲ್ಲಿ ಹಿಡಿದು ನಿಂತ. ಕಾಲಲ್ಲಿ ರಬ್ಬರಿನ ಚಪ್ಪಲಿ.

"ನಂಗೇನೂ ಆಗಾಕಿಲ್ವಲ್ಲವ್ವ. ನಿಂಗೆ ಸುಗರ್ ಜಾಸ್ತಿ ಆಗದೆ, ಅದ್ಕೇ ಕೈ ಜೋಮು ಇಡೀತದೆ."

ಅವ್ವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಜ. ಹಾಗಾಗಿ ಆ ಮಾತು ಎಲ್ಲರಿಗೂ ಸರಿ ಅನ್ನಿಸಿತು. ಪಾಂಡವಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವ್ವ "ನಲ್ಲಿ ಮುಟ್ಟುದಾಗ" ಎಂದು ಬಾಯಿ ತೆಗೆದಳು. ನಡುವೆ ಬಾಯಿ ಹಾಕಿದ ತಮ್ಮ, ಕೈ ಜುಮ್ಮೆನ್ನುತ್ತದಂತೆ ಸಾರ್, ಸುಗರ್ ಇದೆ, ಎಂದು ಮುಗಿಸಿಬಿಟ್ಟ. ಡಾಕ್ಟರು ನರಕ್ಕೆ ಮಾತ್ರೆ ಬರೆದರು. ಅವ್ವ ಅದನ್ನು ಭಕ್ತಿಯಿಂದ ನುಂಗಿದಳು. ಜುಮ್ಮು ಹೋಗಲಿಲ್ಲ. ಒಮ್ಮೆ ಫೋನಿನಲ್ಲಿ, "ಮಾತ್ರೆ ನಾಟ್ತಾ ಇಲ್ಲ ಕಣವ್ವ, ನನ್ ನರವೇ ಸತ್ತೋಗವೆ ಅನ್ಸುತ್ತೆ" ಎಂದಳು. ಮಗ ಹೇಳಿದ ಮೇಲೆ ಅವಳು ತನ್ನ ಕೈಯನ್ನೇ ನಂಬದೆ ಹೋದಳು.

ಹಿಂದಿನ ರಾತ್ರಿ ಜೋರು ಮಳೆ ಬಂದ ಒಂದು ಬೆಳಗ್ಗೆ ಅವ್ವ ಹಿತ್ತಲಿನಿಂದ ವಾಪಸು ಬರಲಿಲ್ಲ. ತಮ್ಮನ ಹೆಂಡತಿ ಹೋಗಿ ನೋಡಿದರೆ ತೊಟ್ಟಿಯ ಬುಡದಲ್ಲಿ ಬಿದ್ದಿದ್ದಳು, ತಂಬಿಗೆ ಮಗ್ಗುಲಲ್ಲಿ ಉರುಳಿತ್ತು. ಅಷ್ಟು ಹೊತ್ತಿಗೆ ಊರಿನ ಕರೆಂಟು ಹೋಗಿತ್ತು, ಮೋಟರು ನಿಂತಿತ್ತು. ಅದರಿಂದಲೇ ಅವ್ವನನ್ನು ಮುಟ್ಟಿ ಎತ್ತಿದ ತಮ್ಮನ ಹೆಂಡತಿ ಉಳಿದಳು, ಅದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ. ಎದೆ ನಿಂತುಹೋಗಿದೆ, ಸುಗರ್ ಇದ್ದವರಿಗೆ ಹೀಗೇ, ಅಂದರು. ಬೂಕನಕೆರೆಯಿಂದ ಬಂದ ಚಿಕ್ಕಮ್ಮ ನನ್ನ ತಲೆ ಸವರುತ್ತ, "ಪುಣ್ಯವಂತೆ ಕಣವ್ವ, ಮಡೀಲೇ ವೋದ್ಲು" ಎಂದಳು. ನಾನೂ ಆ ಮಾತನ್ನು ಹಿಡಿದುಕೊಂಡೆ. ದುಃಖದಲ್ಲಿ ಯಾವುದಾದರೊಂದು ಮಾತು ಬೇಕಾಗುತ್ತದೆ.

ಸಾವಿನ ಮನೆಯೆಂದು ಎರಡು ದಿನ ನೆರೆಯವರೇ ನೀರು ತಂದು ಹೊಯ್ದರು. ಅವತ್ತೇ ಯಾರೋ ಆರಿಸಿಟ್ಟ ಮೋಟರನ್ನು ಮತ್ತೆ ಹಾಕುವ ಪ್ರಸಂಗವೇ ಬರಲಿಲ್ಲ. ಮೂರನೆಯ ದಿನ ಹಾಲುತುಪ್ಪ. ಸಮಾಧಿಗೆ ಒಯ್ಯಲು ಮನೆಯ ನೀರೇ ಆಗಬೇಕು ಎಂದು ಹಿರಿಯರು ಹೇಳಿದರು. ತಮ್ಮ, ತಲೆ ಬೋಳಿಸಿಕೊಂಡು, ಮಿಂದು, ಒದ್ದೆ ಪಂಚೆಯಲ್ಲಿ ಅದೇ ತಂಬಿಗೆ ಹಿಡಿದು ಹಿತ್ತಲಿಗೆ ನಡೆದ. ತಿಥಿ ಮುಗಿಯುವ ತನಕ ಕರ್ಮ ಹಿಡಿದವನು ಚಪ್ಪಲಿ ಮೆಟ್ಟುವಂತಿಲ್ಲ. ಅವನ ಹೆಂಡತಿ ಒಳಗಿನಿಂದ ಮೋಟರು ಹಾಕಿದಳು. ನಾನು ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ನಲ್ಲಿಗೆ ಬೆರಳು ತಾಗಿದ್ದೇ ತಡ, ಅವನು ಕೈ ಕಿತ್ತುಕೊಂಡು ಹಿಂದಕ್ಕೆ ಬಿದ್ದ. ನೆಲ ಎರಡು ದಿನದ ಬಿಸಿಲಿಗೆ ಒಣಗಿದ್ದಕ್ಕೆ ಜೀವ ಉಳಿಯಿತು. ಮೋಟರು ಆರಿಸು ಎಂದು ನಾನು ಕೂಗಿದೆ. ಅದು ನಿಂತಿತು. ಹತ್ತಿರ ಹೋದರೆ ಅವನು ಮೇಲೇಳಲಿಲ್ಲ. ಕೂತಲ್ಲೇ ತನ್ನ ಬರಿಗಾಲು ನೋಡಿದ, ನಲ್ಲಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಸುಗರ್ ಅಲ್ಲ ಕಣಕ್ಕ" ಎಂದ. "ಅವ್ವ ಸರ್ಯಾಗೇ ಯೋಳ್ತಿತ್ತು."